ಶಾಲೆಯಲ್ಲಿ ಕಲೆಗೆ ಅಂಕ ಬೇಕೇ?

ಪರ: ಬೇಕು, ಆದರೆ ಚಂದಕ್ಕಲ್ಲ

ಪರೀಕ್ಷೆ ಹತ್ತಿರ ಬಂತೆಂದರೆ ಅಂಕವಿಲ್ಲದ ಪಿರಿಯಡ್ ಮೊದಲು ಗಣಿತದ ಪಾಲಾಗುತ್ತದೆ. ಕಲೆ ಶಾಲೆಯಲ್ಲಿ ಉಳಿಯಬೇಕಾದರೆ ಅದಕ್ಕೂ ಅಂಕಪಟ್ಟಿಯಲ್ಲಿ ಜಾಗ ಇರಲೇಬೇಕು. ಯಾವುದಕ್ಕೆ ಅಂಕ ಎಂಬುದನ್ನು ಮಾತ್ರ ಎಚ್ಚರದಿಂದ ಗೊತ್ತುಮಾಡಬೇಕು.

ಗೋಡೆಗೆ ಅಂಟಿಸುವಂಥ ಚಿತ್ರಕ್ಕೆ ಅಂಕ ಕೊಟ್ಟರೆ, ಕೈ ಮೊದಲೇ ಪಳಗಿದ ಮಗು ಗೆಲ್ಲುತ್ತದೆ; ತರಗತಿಯಲ್ಲಿ ಕಲಿತದ್ದೆಷ್ಟು ಎಂದು ತಿಳಿಯುವುದೇ ಇಲ್ಲ. ಅದರ ಬದಲು ಪ್ರತಿಯೊಬ್ಬರಿಗೂ ಒಂದು ಕರಡು ಪುಸ್ತಕವಿರಲಿ. ರಬ್ಬರ್ ಬೇಡ, ತಪ್ಪಿದ ಗೆರೆಯೂ ಹಾಳೆಯಲ್ಲೇ ಉಳಿಯಲಿ, ಪುಟಪುಟಕ್ಕೂ ತಾರೀಕು ಬೀಳಲಿ. 10 ಅಂಕಗಳಲ್ಲಿ 5 ಈ ಪ್ರಯತ್ನಗಳಿಗೆ, 3 ಸಾಮಗ್ರಿಯ ತಿಳಿವಳಿಕೆಗೆ, 2 ತನ್ನ ಕೆಲಸದ ಬಗ್ಗೆ ಮಗು ಆಡುವ ಮಾತಿಗೆ.

ಸಾಮಗ್ರಿಯ ತಿಳಿವಳಿಕೆಯೇನೂ ಸಣ್ಣ ಸಂಗತಿಯಲ್ಲ. ಜಲವರ್ಣ ಒದ್ದೆಯಿರುವಾಗ ಇನ್ನೊಂದು ಬಣ್ಣ ತಾಗಿಸಿದರೆ ಎರಡೂ ಹರಡಿ ಬೆರೆಯುತ್ತವೆ. ಒಣಗಿದ ಮೇಲೆ ಹಚ್ಚಿದರೆ ಅಂಚು ನಿಲ್ಲುತ್ತದೆ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆ ನೀರು ಕುಡಿದು ಸುಕ್ಕಾಗುತ್ತದೆ, 300 ಜಿಎಸ್‌ಎಂ ಹಾಳೆ ತಡೆದುಕೊಳ್ಳುತ್ತದೆ. ಮಣ್ಣಿನ ಬೊಂಬೆಯ ದಪ್ಪ ಮುಂಡಕ್ಕೆ ತೆಳ್ಳಗಿನ ಕೈ ಅಂಟಿಸಿದರೆ ಕೈ ಬೇಗ ಒಣಗಿ ಕುಗ್ಗುತ್ತದೆ, ಬುಡದಲ್ಲಿ ಬಿರುಕು ಬಿಡುತ್ತದೆ. ಈ ಕಾರಣ ಹೇಳಬಲ್ಲ ಮಗುವಿಗೆ, ಬೊಂಬೆ ಮುರಿದಿದ್ದರೂ, ಆ 3 ಅಂಕ ಪೂರ್ತಿ ಸಲ್ಲಬೇಕು.

ವಿರೋಧ: ಅಂಕಕ್ಕಾಗಿ ಬಿಡಿಸುವ ಕೈ

ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರದ ಬಳಿಕ ಬಹುಮಾನದ ಮಾತೇ ಇಲ್ಲದಾಗ, ಮೊದಲ ಗುಂಪು ಸ್ಕೆಚ್ ಪೆನ್ನಿನ ಜೊತೆ ಕಳೆದ ಹೊತ್ತು ಉಳಿದವರ ಸುಮಾರು ಅರ್ಧ. ಹೇಳದೆ ಬಹುಮಾನ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ಅಂಕವಾದರೋ ವರ್ಷವಿಡೀ ಮೊದಲೇ ಹೇಳಿಟ್ಟ ಬಹುಮಾನ.

ಕರಡು ಪುಸ್ತಕ ನಮಗೂ ಬೇಕು. ಆದರೆ ಅದಕ್ಕೆ 5 ಅಂಕ ಇಟ್ಟ ದಿನವೇ ಕೆಲವರು ಚಿತ್ರ ಮುಗಿಸಿ, ಆಮೇಲೆ ಹಳೆಯ ತಾರೀಕು ಹಾಕಿ ‘ಪ್ರಯತ್ನ’ಗಳನ್ನು ತುಂಬಿಸುತ್ತಾರೆ. 40 ಮಕ್ಕಳನ್ನು ತಲಾ 5 ನಿಮಿಷ ಮಾತಾಡಿಸಿ ಅಂಕ ಹಾಕಲು 200 ನಿಮಿಷ ಬೇಕು, ಅಂದರೆ 40 ನಿಮಿಷದ ಐದು ಪಿರಿಯಡ್. ಅಷ್ಟೂ ಹೊತ್ತು ಕಲಿಸುವವರು ಉಳಿದ 39 ಮಕ್ಕಳ ಪಕ್ಕ ಸುಳಿಯಲಾರರು.

ಪಿರಿಯಡ್ ಉಳಿಸಲು ವೇಳಾಪಟ್ಟಿಯನ್ನೇ ತಿದ್ದಬಹುದು. ಸಾಮಾನು ಹಂಚಲು 10, ತೊಳೆದಿಡಲು 10 ಹೋದರೆ 40 ನಿಮಿಷದಲ್ಲಿ ಕೆಲಸಕ್ಕೆ ಸಿಗುವುದು 20. ವಾರದ ಎರಡು ಪಿರಿಯಡ್ ಜೋಡಿಸಿದರೆ 60 ಸಿಗುತ್ತದೆ. ಅಷ್ಟರಲ್ಲಿ ಮೊದಲ ಬಣ್ಣ ಒಣಗುತ್ತದೆ, ಎರಡನೆಯದನ್ನು ಅವಸರವಿಲ್ಲದೆ ಹಚ್ಚಬಹುದು, ‘ಈ ಮೂಲೆ ಖಾಲಿ ಬಿಟ್ಟದ್ದೇಕೆ?’ ಎಂದು ಕೇಳಿದರೆ ಮಗು ಯೋಚಿಸಿ ಉತ್ತರಿಸಲೂ ಬಿಡುವಿರುತ್ತದೆ.