ಜಾಮ್ ಹೇಳ್ಬಹುದು, ಯಾಕೆ ಅಂತ ಹೇಳಂಗಿಲ್ಲ

ಮೊನ್ನೆ ಮಳೆ ದಿವಸ ಹೆಬ್ಬಾಳದ ಹತ್ರ ಆಟೋದಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ, ಓಡ್ತಿದ್ದಿದ್ದು ಮೀಟರ್ ಒಂದೇ. ಆಟೋ ಅಣ್ಣ ಎಫ್‌ಎಂ ಹಾಕಿದ್ರು. ಆರ್‌ಜೆ ಉತ್ಸಾಹದಲ್ಲಿ "ಹೆಬ್ಬಾಳದ ಕಡೆ ಸ್ವಲ್ಪ ಸ್ಲೋ ಇದೆ ಬೆಂಗಳೂರು, ನಗ್ನಗ್ತಾ ಇರಿ" ಅಂದ್ಲು, ಹಿಂದೇನೇ ಅಪಾರ್ಟ್‌ಮೆಂಟ್ ಜಾಹೀರಾತು. ಅಣ್ಣ ತಿರುಗಿ "ಯಾಕ್ ಸ್ಲೋ ಅಂತ ಈಯಮ್ಮ ಹೇಳಲ್ವಲ್ಲ ಸಾರ್" ಅಂದ್ರು.

ಹೇಳಂಗಿಲ್ಲ ಅಣ್ಣ, ಹೇಳಿದ್ರೆ ನ್ಯೂಸ್ ಆಗ್ಬಿಡುತ್ತೆ.

ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮೂರಲ್ಲೇ ಶುರುವಾಗಿದ್ದು, 2001ರ ಜುಲೈ 3ಕ್ಕೆ, ರೇಡಿಯೊ ಸಿಟಿ. ಹೆಮ್ಮೆ ಪಡ್ಬೇಕಾದ್ ವಿಷ್ಯಾನೇ. ಆವತ್ತಿಂದ ಇವತ್ತಿನ ತನಕ ಸರ್ಕಾರ ಎಷ್ಟು ಮುತುವರ್ಜಿಯಿಂದ ನಮ್ಮ ಕಿವಿ ಕಾಯ್ತಿದೆ ನೋಡಿ. ಖಾಸಗಿ ಎಫ್‌ಎಂನವರು ಸ್ವಂತವಾಗಿ ಸುದ್ದಿ ಹೇಳಂಗಿಲ್ಲ, ಬೇಕಿದ್ರೆ ಆಕಾಶವಾಣಿ ಸುದ್ದೀನ ಒಂದಕ್ಷರ ಆಚೀಚೆ ಮಾಡ್ದೆ ಹಾಗ್ಹಾಗೇ ಹಾಕ್ಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆ ರಿಸಲ್ಟು ಇವೆಲ್ಲ ನ್ಯೂಸ್ ಅಲ್ವಂತೆ. ಕರೆಂಟು, ನೀರಿನ ವಿಷ್ಯ ಬೇಕಾದ್ರೂ ಹೇಳ್ಬಹುದಂತೆ, ಆದ್ರೆ ಸ್ಥಳೀಯ ಆಡಳಿತ ಕೊಟ್ಟಿದ್ ಮಾಹಿತಿ ಮಾತ್ರ! ಅಂದ್ರೆ ನಲ್ಲೀಲಿ ನೀರು ಬಂದಿಲ್ಲ ಅನ್ನೋದು, ನೀರು ಬಿಡದವರೇ ಒಪ್ಕೊಂಡ್ ಮೇಲೆ ನಿಜ ಆಗೋದು.

ಇಷ್ಟೊತ್ತಿಗೆ ಟಿವಿ ನೋಡಿ. ಇಪ್ಪತ್ನಾಲ್ಕು ಗಂಟೆ ಗಂಟಲು ಹರ್ಕೊಳ್ಳೋಕೆ ಪರ್ಮಿಷನ್ ಇದೆ, ಗ್ರಹಣಕ್ಕೂ ಬ್ರೇಕಿಂಗ್ ನ್ಯೂಸು. ದೇಶಕ್ಕೆ ಅಪಾಯ ಇರೋದು ಆಟೋದಲ್ಲಿರೋ ಚಿಕ್ಕ ಡಬ್ಬೀಯಿಂದ ಮಾತ್ರ.

ರೇಡಿಯೊ ಕಂಡ್ರೆ ನಮ್ಮ ದೊಡ್ಡೋರಿಗೆ ಮೊದ್ಲಿಂದ್ಲೂ ಹೀಗೇ ಒಂಥರಾ ಗಾಬರಿ. 1940ರಲ್ಲಿ ಹಾರ್ಮೋನಿಯಂನ ಬಾನುಲಿಯಿಂದಾನೇ ಓಡಿಸಿದ್ರು, ಪಾಪ ಆ ಪೆಟ್ಟಿಗೆ ಏನ್ ಪಿತೂರಿ ಮಾಡಿತ್ತೋ, ವಾಪಸ್ ಬರೋಕೆ ಮೂವತ್ತು ವರ್ಷ ಹಿಡೀತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿ ಆದ ಕೇಸ್ಕರ್ ಸಾಹೇಬ್ರಿಗೆ ಸಿನಿಮಾ ಹಾಡು ಕೇಳಿದ್ರೆ ಜನ ಕೆಡ್ತಾರೆ ಅನ್ನೋ ಚಿಂತೆ, ಆಕಾಶವಾಣಿಲಿ ಅದಕ್ಕೆ ಕತ್ತರಿ ಹಾಕ್ಸಿದ್ರು. ಜನ ಏನ್ ಮಾಡಿದ್ರು, ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನ್ ಹಿಡ್ಕೊಂಡ್ರು, ಅಲ್ಲಿ ಟೂತ್‌ಪೇಸ್ಟ್ ಕಂಪನಿ ಪ್ರಾಯೋಜಿಸಿದ್ ಹಾಡು ಕೇಳ್ಕೊಂಡು ಹಾಯಾಗಿದ್ರು. ಕೊನೆಗೆ 1957ರಲ್ಲಿ ಸರ್ಕಾರಾನೇ ಸಿನಿಮಾ ಹಾಡು ಹಾಕೋ ವಿವಿಧಭಾರತಿ ಮಾಡ್ಲೇಬೇಕಾಯ್ತು. ಅದೂ ಸಾಲ್ದು ಅಂತ ರೇಡಿಯೊ ಇಟ್ಕೊಳ್ಳೋಕೆ ಲೈಸೆನ್ಸ್ ಬೇರೆ ಇತ್ತು, ನಮ್ಮ ತಾತ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಬರ್ತಿದ್ರು. ಆ ಪುಸ್ತಕ ಇನ್ನೂ ಅಟ್ಟದ ಮೇಲೆ ಟ್ರಂಕಲ್ಲಿದೆ, ಬಂದೂಕಿನ ಲೈಸೆನ್ಸ್ ಥರ ಜೋಪಾನ ಮಾಡಿದಾರೆ.

ಇದಕ್ಕೂ ಮುಂಚೆ, 1935ರಲ್ಲಿ, ಮೈಸೂರಲ್ಲಿ ಸೈಕಾಲಜಿ ಪ್ರೊಫೆಸರ್ ಗೋಪಾಲಸ್ವಾಮಿ ಮನೇಲೇ ಸ್ಟೇಷನ್ ಮಾಡ್ಕೊಂಡು ಪ್ರಸಾರ ಮಾಡ್ತಿದ್ರು. ಆಕಾಶವಾಣಿ ಅನ್ನೋ ಹೆಸರು ಆ ಸ್ಟೇಷನ್‌ದೇ. ಸರ್ಕಾರ ಹೆಸರು ತಗೊಳ್ತು, ಧೈರ್ಯ ಅಲ್ಲೇ ಬಿಡ್ತು.

ಎಫ್‌ಎಂನವರಿಗೂ ಮೊದಮೊದ್ಲು ವರ್ಷಾ ವರ್ಷಾ ಹದಿನೈದು ಪರ್ಸೆಂಟ್ ಏರೋ ಲೈಸೆನ್ಸ್ ಫೀ ಜಡಿದಿದ್ರು, ಎಷ್ಟೋ ಕಂಪನಿಗಳು ಕೈ ಸುಟ್ಕೊಂಡ ಮೇಲೆ 2005ರಲ್ಲಿ ಆದಾಯದಲ್ಲಿ ನಾಲ್ಕು ಪರ್ಸೆಂಟ್ ಪಾಲು ಕೊಡಿ ಸಾಕು ಅಂದ್ರು. ಹಾಗಂತ ಇವರೇನು ಪಾಪದೋರಲ್ಲ. ಬೆಂಗಳೂರಲ್ಲಿ ಕೂತು ಕನ್ನಡ ಹಾಡು ಹಾಕೋಕೆ ಮೀನಮೇಷ ಎಣಿಸಿದ್ ಕಾಲ ನಂಗೆ ನೆನಪಿದೆ. ಈಗ ಕನ್ನಡ ಬರುತ್ತೆ, ಅದೇ ಹತ್ತು ಹಾಡು, ಪಾಳಿ ಹಾಕ್ಕೊಂಡಂಗೆ.

ಸುಪ್ರೀಂ ಕೋರ್ಟು 1995ರಲ್ಲೇ ಹೇಳಾಯ್ತು, ರೇಡಿಯೊ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ. ಸಾರ್ವಜನಿಕರು ಅಂದ್ರೆ ನಾನು, ಆಟೋ ಅಣ್ಣ. ತರಂಗ ನಮ್ದು, ರಸ್ತೆ ನಮ್ದು, ತೆರಿಗೆನೂ ನಮ್ದೇ, ಗುಂಡಿ ಯಾಕಾಯ್ತು ಅಂತ ನಮ್ ರೇಡಿಯೊದಲ್ಲಿ ನಾವು ಕೇಳಂಗಿಲ್ಲ. ಇಷ್ಟು ವರ್ಷ ಆಯ್ತಲ್ರೀ, ಇನ್ನೂ ಎಷ್ಟು ದಿನ ನಗ್ನಗ್ತಾ ಇರ್ಬೇಕು? ಸಾಕಾಗಿದೆ.

ಅಷ್ಟರಲ್ಲಿ ಅಣ್ಣನ ಫೋನಿಗೆ ಆಟೋದವರ ವಾಟ್ಸಾಪ್ ಗ್ರೂಪಿಂದ ವಾಯ್ಸ್ ಮೆಸೇಜ್ ಬಂತು. "ಅಂಡರ್‌ಪಾಸಲ್ಲಿ ನೀರ್ ನಿಂತೈತೆ ಗುರು, ಹೋದ್ ತಿಂಗ್ಳು ಟಾರ್ ಹಾಕಿದ್ರಲ್ಲ, ಅಲ್ಲೇ ಕಿತ್ಕೊಂಡೈತೆ, ಈ ಕಡೆ ಬರ್ಬೇಡಿ."

ಅಣ್ಣ ರೇಡಿಯೊ ಆಫ್ ಮಾಡಿ ಗಾಡಿ ಯೂ-ಟರ್ನ್ ತಗೊಂಡ್ರು.