ಕರ್ಜತ್ತಿನ ಜಮೀನ್ದಾರ

ಮುಂಬೈಯ ಮಾಟುಂಗಾದಲ್ಲಿ ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟ್ ಇರುವವರು ಮಧ್ಯಮ ವರ್ಗ. ಅವರೇ ಹಾಗೆ ಹೇಳಿಕೊಳ್ಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಮುಂಬೈ ಹೊರವಲಯದ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿದ್ದುಕೊಂಡು, ಕರ್ಜತ್ತಿನ ಆಚೆ ಸಿಮೆಂಟ್ ಶೀಟಿನ ಮೂರು ಕೋಣೆ ಕಟ್ಟಿಸಿಕೊಂಡ ನಾನು ಮಾತ್ರ ಜಮೀನ್ದಾರ.

ಕರ್ಜತ್ ಗೊತ್ತಲ್ವಾ? ಪುಣೆಗೆ ಹೋಗುವ ರೈಲುಗಳಿಗೆ ಘಾಟ್ ಹತ್ತಲು ಹಿಂದಿನಿಂದ ದೂಡುವ ಎಂಜಿನ್ ಕಟ್ಟುವ ಊರು. ಅಷ್ಟರೊಳಗೆ ಜನ ಇಳಿದು ವಡಾಪಾವ್ ತಿಂದು ಬರುತ್ತಾರೆ. ನನಗೂ ದೂಡುವ ಎಂಜಿನ್ ಬೇಕಾಯಿತು. ಬ್ಯಾಂಕಿನವರು ಕಟ್ಟಿದರು. ಊರಿನ ಹೆಸರಲ್ಲೇ ಕರ್ಜ, ಅಂದರೆ ಸಾಲ, ಇದೆ ಅಂತ ಹೊಳೆದದ್ದು ಮೂರನೇ ಕಂತು ಕಟ್ಟುವಾಗ.

ಜಾಗ ಎರಡು ಗುಂಟೆ. ಅಂದರೆ 2,178 ಚದರಡಿ. ಎಕರೆಗೆ 40 ಗುಂಟೆ, ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ. ಮಹಾರಾಷ್ಟ್ರದಲ್ಲಿ ರೈತನಲ್ಲದವನು ಸುಮ್ನೆ ಹೋಗಿ ಹೊಲ ಕೊಳ್ಳುವ ಹಾಗಿಲ್ಲ. ಹಾಗಾಗಿ ನನ್ನದು ಎನ್‌ಎ ಪ್ಲಾಟ್. ಇದು ಕೃಷಿಗಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ನೆಲ. ಆದರೂ ಜನರ ಬಾಯಲ್ಲಿ ಅದು ಫಾರ್ಮ್ ಹೌಸ್. ನನ್ನ ಹೆಂಡತಿಯ ತಮ್ಮನ ಬಾಯಲ್ಲಂತೂ ಎಸ್ಟೇಟ್.

"ಈ ಸಲ ಮಾವು ಹೇಗೆ ಭಾವ? ನಮಗೆ ಎರಡು ಪೆಟ್ಟಿಗೆ ಸಾಕು."

ಇದ್ದದ್ದು ಒಂದೇ ಗಿಡ. ನನ್ನ ಸೊಂಟದಷ್ಟು ಎತ್ತರ. ಅದನ್ನೂ ಆಡು ತಿಂದಿತು.

ತಮಾಷೆ ಏನೆಂದರೆ, ಹೀಗೆ ಆಡಿಕೊಳ್ಳುವ ಬಹಳಷ್ಟು ಜನರಿಗೆ ಎರಡನೇ ಮನೆ ಇದೆ. ಉಡುಪಿ ಕಡೆಯೋ ಕುಂದಾಪುರದ ಕಡೆಯೋ ಹೆಂಚಿನ ದೊಡ್ಡ ಮನೆ. ಅಂಗಳ, ಬಾವಿ, ಹಿತ್ತಿಲಲ್ಲಿ ಸಾಲು ತೆಂಗು. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಹೋಗುತ್ತಾರೆ. ಬೀಗ ತೆಗೆದು, ಹದಿನೈದು ದಿನ ಹಲಸು ತಿಂದು, ಮತ್ತೆ ಬೀಗ ಹಾಕಿ ಬರುತ್ತಾರೆ. ಉಳಿದ ಹನ್ನೊಂದೂವರೆ ತಿಂಗಳು ಅಲ್ಲಿ ಇಲಿಗಳದ್ದೇ ಸಂಸಾರ. ರಜೆಗೆ ಮಾತ್ರ ಹೋಗುವ ಮನೆ ಅಂದರೆ ಅದೇ ಅಲ್ವಾ? ಅಲ್ಲವಂತೆ. ಅದು 'ಊರಿನ ಮನೆ'. ಅಜ್ಜ ಕಟ್ಟಿಸಿದ್ದಾದರೆ ಸಂಸ್ಕಾರ, ನಾನು ಸಾಲ ಮಾಡಿ ಕಟ್ಟಿಸಿದರೆ ಸೊಕ್ಕು. ಅವರು ಊರಿಗೆ ಹೋದರೆ ದೈವದ ಕೆಲಸ, ನಾನು ಕರ್ಜತ್ತಿಗೆ ಹೋದರೆ ಗುಂಡು ಪಾರ್ಟಿ. ನಾನು ಕಾಫಿಗಿಂತ ಗಟ್ಟಿಯಾದದ್ದು ಕುಡಿಯುವವನಲ್ಲ ಅಂದರೆ ಕಣ್ಣು ಹೊಡೆಯುತ್ತಾರೆ.

ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ತಂಡಗಳು ಮುಂಬೈಗೆ ಬರುತ್ತವೆ. ಅವುಗಳ ಹಿಂದೆಯೇ ರಸೀದಿ ಪುಸ್ತಕವೂ ಬರುತ್ತದೆ. ಮೊದಲೆಲ್ಲ ನನ್ನ ಪಾಲಿಗೆ 501 ರೂಪಾಯಿ. ಈಗ ಪುಸ್ತಕ ಬಿಚ್ಚುವ ಮೊದಲೇ ಮೊತ್ತ ತುಂಬಿಸಿ ಆಗಿರುತ್ತದೆ. "ಐದು ಸಾವಿರ ಹಾಕಿದ್ದೇವೆ. ನಿಮಗೆಂತ ಮಾರಾಯ್ರೆ, ಕರ್ಜತ್ತಿನ ಪಾರ್ಟಿ!" ಪಕ್ಕದಲ್ಲಿ ಕೂತ ಮಾಟುಂಗಾದವರು 501 ಕೊಟ್ಟು ಚಹಾ ಕುಡಿದರು.

ಜನರನ್ನೇ ಬೈದು ಏನು ಬಂತು? ಆದಾಯ ತೆರಿಗೆಯ ಕಾನೂನೂ ಬಹಳ ವರ್ಷ ಹೀಗೇ ಯೋಚಿಸುತ್ತಿತ್ತು. ಎರಡನೇ ಮನೆ ಖಾಲಿ ಬಿದ್ದಿದ್ದರೂ ಅದನ್ನು ಬಾಡಿಗೆಗೆ ಕೊಟ್ಟಿದ್ದೀರಿ ಅಂತಲೇ ಲೆಕ್ಕ. ಬಾರದ ಬಾಡಿಗೆ ಎಷ್ಟು ಬರಬಹುದಿತ್ತು ಅಂತ ಊಹಿಸಿ, ಅದನ್ನೂ ನಿಮ್ಮ ಆದಾಯಕ್ಕೆ ಸೇರಿಸಬೇಕಿತ್ತು. ಎರಡು ಮನೆಗಳನ್ನು ಸ್ವಂತ ವಾಸಕ್ಕೆ ಅಂತ ತೋರಿಸಬಹುದು ಎಂದದ್ದು 2019ರ ಬಜೆಟ್. ದೆಹಲಿ ಸರ್ಕಾರಕ್ಕೆ ಬುದ್ಧಿ ಬಂತು. ಭಾವಮೈದುನನಿಗೆ ಇನ್ನೂ ಬಂದಿಲ್ಲ. "ವೀಕೆಂಡಿಗೆ ಎಷ್ಟು ಸಾವಿರಕ್ಕೆ ಕೊಡ್ತೀರಿ?" ಅಂತ ಕೇಳುತ್ತಾನೆ. ಅದೇ ಉಸಿರಿನಲ್ಲಿ ತನ್ನ ಆಫೀಸಿನ ಹದಿನೆಂಟು ಜನರಿಗೆ ಪುಕ್ಕಟೆಯಾಗಿ ಕೀಲಿಕೈ ಕೇಳುತ್ತಾನೆ. ಅವರಲ್ಲೊಬ್ಬರು ಸ್ವಿಮ್ಮಿಂಗ್ ಪೂಲ್ ಎಷ್ಟು ಆಳ ಅಂತ ವಿಚಾರಿಸಿದರಂತೆ. ಇರುವುದು ಐನೂರು ಲೀಟರಿನ ಕಪ್ಪು ಟ್ಯಾಂಕ್. ಅದರಲ್ಲೂ ನೀರು ದಿನ ಬಿಟ್ಟು ದಿನ.

ನನ್ನ ವೀಕೆಂಡ್ ಕೇಳಿ. ಶನಿವಾರ ಲೋಕಲ್‌ನಲ್ಲಿ ಒಂದು ಗಂಟೆ, ಆಮೇಲೆ ಶೇರ್ ರಿಕ್ಷಾದಲ್ಲಿ ಅರ್ಧ ಅಂಡಿನ ಮೇಲೆ ಇಪ್ಪತ್ತು ನಿಮಿಷ. ಹೋದ ಕೂಡಲೇ ಗೋಡೆಯ ಬೂಷ್ಟು ಒರೆಸುವುದು. ಜೂನ್ ಬರುವ ಮೊದಲು ಛಾವಣಿಗೆ ನೀಲಿ ತಾಡಪಾಲು ಹೊದೆಸುವುದು. ಜೂನ್ ಬಂದ ಮೇಲೆ ಹಾರಿಹೋದ ತಾಡಪಾಲು ಹುಡುಕುವುದು. ಭಾನುವಾರ ಕರೆಂಟ್ ಬಂದರೆ ಮೋಟಾರು ಹಾಕಿ ನೋಡುವುದು. ಸೋಮವಾರ ಆಫೀಸಿನಲ್ಲಿ ಸೊಂಟ ಹಿಡಿದುಕೊಂಡು ಕೂತರೆ, "ಏನ್ ಸಾಹೇಬ್ರೆ, ಜಾಸ್ತಿ ಆರಾಮ ಮಾಡಿದ್ರಾ?"

ಮನೆ ನೋಡಿಕೊಳ್ಳುವ ಮರಾಠಿ ಕಾಕಾನ ಲೆಕ್ಕವೇ ಬೇರೆ. ಆಗೀಗ ಬಂದು ಹೋಗುವ ಮನೆಯೇ ಇಷ್ಟಿದ್ದರೆ, ದಿನಾ ಇರುವ ಬಂಗ್ಲೆ ಇನ್ನೆಷ್ಟು ದೊಡ್ಡದಿರಬೇಡ! ಕಳೆದ ದೀಪಾವಳಿ ಮುಗಿದ ಮೇಲೆ ತನ್ನ ಎರಡು ಎಕರೆ ಗದ್ದೆಯ ಹೊಸ ಅಕ್ಕಿ ಹೊತ್ತುಕೊಂಡು ಡೊಂಬಿವಲಿಗೆ ಬಂದ. ಹಾಲ್‌ನಲ್ಲಿ ಕೂತ. ಚಹಾ ಕುಡಿಯುತ್ತಾ ಅಡುಗೆಮನೆ ಕಡೆ ನೋಡಿದ, ಬೆಡ್‌ರೂಮಿನ ಕಡೆ ನೋಡಿದ. ಉಳಿದ ಮನೆ ಎಲ್ಲಿ ಅಂತ ಹುಡುಕುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಏನೂ ಕೇಳಲಿಲ್ಲ, ಎದ್ದು ಹೋದ.

ಮರುದಿನ ಫೋನ್ ಬಂತು. "ಸಾಹೇಬ್, ಈ ತಿಂಗಳ ಪಗಾರ ಮುಂದಿನ ತಿಂಗಳು ಕೊಟ್ಟರೂ ನಡೀತದೆ."