ಬರೀ ಚಟದಿಂದ ಅಲ್ಲ
ಡ್ರಗ್ಸ್ ಚಟ ಹತ್ತಿದವರೇ ಲೈಂಗಿಕ ವೃತ್ತಿಗೆ ಇಳಿಯುತ್ತಾರೆ ಎಂದು ಒಂದು ಲೇಖನದಲ್ಲಿ ಓದಿದೆ. ಪೂರ್ತಿ ಒಪ್ಪಲಾರೆ. ಎಷ್ಟೋ ಜನ ಈ ವೃತ್ತಿಗೆಂದು ಬೀದಿಗೆ ಬಂದ ಮೇಲೆ ಭಯ, ಹೊಡೆತ ತಡೆಯಲಾಗದೆ ಡ್ರಗ್ಸ್ ಹಿಡಿಯುತ್ತಾರೆ. ಆಮೇಲೆ ಅದಕ್ಕೆ ದುಡ್ಡು ಬೇಕು, ದುಡ್ಡಿಗೆ ಮತ್ತೆ ಬೀದಿಯೇ ಗತಿ.

2006ರ ಕೊನೆಯಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಒಬ್ಬನೇ ಈ ವೃತ್ತಿಯಲ್ಲಿದ್ದ ಐವರು ಹೆಣ್ಣುಮಕ್ಕಳನ್ನು ಕೊಂದ. ಐವರಿಗೂ ಡ್ರಗ್ಸ್ ಚಟವಿತ್ತು. ಕೊಲೆಗಾರ ಸಿಕ್ಕಿಲ್ಲ ಅಂತ ಗೊತ್ತಿದ್ದೂ ಅವರಲ್ಲೊಬ್ಬಳು, ದುಡ್ಡು ಬೇಕು ಎಂದು ಟಿವಿಯವರಿಗೆ ಹೇಳಿ ಮತ್ತೆ ರಸ್ತೆಗೆ ಹೋದಳು. ನೆನೆದರೆ ಕರುಳು ಚುರ್ ಎನ್ನುತ್ತದೆ.

ಆಮೇಲೆ ಅಲ್ಲಿನ ಪೊಲೀಸರು ಹೆಂಗಸರ ಬದಲು ಗಿರಾಕಿಗಳನ್ನು ಹಿಡಿಯತೊಡಗಿದರು. ಹೆಂಗಸರಿಗೆ ಚಟ ಬಿಡಿಸುವ ಚಿಕಿತ್ಸೆ ಸಿಕ್ಕಿತು. ಸುಮ್ನೆ ಹೆಂಗಸಿಗೆ ದಂಡ ಹಾಕಿದರೆ, ಅದನ್ನು ಕಟ್ಟೋಕೂ ಅವಳು ಅದೇ ಬೀದಿಗೆ ಹೋಗಬೇಕಲ್ವಾ?